ಎದೆಯ ಕೃತಕ ಎಕ್ಸ್‌ರೇಗಳಲ್ಲಿ ಹೃದಯ ರೋಗಿಯ ಬಲಗಡೆ ಬರುತ್ತಿದೆ, ಎಲ್ಲಿ ತಪ್ಪಿದೆ?

ಕೆಂಗೇರಿ_ಕೋಡರ್ | ಸೋಮವಾರ ರಾತ್ರಿ 11:20

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಇದರಲ್ಲೇ ಒದ್ದಾಡುತ್ತಿದ್ದೇನೆ. ನ್ಯೂಮೋಥೊರಾಕ್ಸ್, ಅಂದರೆ ಶ್ವಾಸಕೋಶದ ಸುತ್ತ ಗಾಳಿ ತುಂಬಿಕೊಳ್ಳುವುದು, ಅದನ್ನು ಗುರುತಿಸುವ ಕ್ಲಾಸಿಫೈಯರ್ ಮಾಡಬೇಕಿತ್ತು. ಆ ಚಿತ್ರಗಳು ಕಡಿಮೆ ಇದ್ದವು ಅಂತ ಡಿಫ್ಯೂಷನ್ ಮಾಡೆಲ್‌ನಿಂದ (ಹೊಸ ಚಿತ್ರ ಹುಟ್ಟಿಸುವ ಎಐ) ಕೃತಕವಾಗಿ ಮಾಡಿಸೋಣ ಅಂದುಕೊಂಡೆ. ಡೇಟಾ ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ 2017ರಲ್ಲಿ ಬಿಡುಗಡೆ ಮಾಡಿದ್ದು, ಅದರಲ್ಲಿ ಸುಮಾರು 3,000 ಚಿತ್ರ, 256 ಪಿಕ್ಸೆಲ್ ಅಳತೆಗೆ ಇಳಿಸಿದ್ದೇನೆ.

ಲಾಸ್, ಅಂದರೆ ಮಾಡೆಲ್‌ನ ತಪ್ಪಿನ ಅಳತೆ, ಚೆನ್ನಾಗಿ ಇಳಿಯಿತು. ಕೃತಕ ಚಿತ್ರಗಳು ಅಸಲಿಗೆ ಎಷ್ಟು ಹತ್ತಿರ ಅಂತ ಹೇಳುವ ಎಫ್‌ಐಡಿ (ಕಡಿಮೆ ಇದ್ದಷ್ಟೂ ಒಳ್ಳೆಯದು) 19ಕ್ಕೆ ಬಂತು. ಖುಷಿಯಲ್ಲಿದ್ದೆ. ಭಾನುವಾರ ಊಟಕ್ಕೆ ಚಿಕ್ಕಮ್ಮನ ಮಗಳು ಬಂದಿದ್ದಳು, ರೇಡಿಯಾಲಜಿ ಓದುತ್ತಿದ್ದಾಳೆ. 16 ಚಿತ್ರ ಒಟ್ಟಿಗೆ ತೋರಿಸಿದೆ. ತಟ್ಟೆ ಪಕ್ಕಕ್ಕಿಟ್ಟು "ಏನೋ ಇದು, ಹಾರ್ಟ್ ಬಲಗಡೆ ಇದೆಯಲ್ಲೋ" ಅಂತ ಒಂದೊಂದೇ ಎಣಿಸಿದಳು. ಏಳು! ಆಮೇಲೆ ನಾನೇ 200 ಚಿತ್ರ ನೋಡಿದೆ, 94 ಹಾಗೇ ಇವೆ. ಮಾಡೆಲ್ ಚಿಕ್ಕದಾಯಿತಾ? ಇನ್ನೂ ಜಾಸ್ತಿ ಸ್ಟೆಪ್ಸ್ ಓಡಿಸಲಾ? ಒಂದು ಸಲ ಓಡಿಸಿದರೆ ಹದಿನಾಲ್ಕು ಗಂಟೆ ಬೇಕು, ಅದಕ್ಕೇ ಕೇಳುತ್ತಿದ್ದೇನೆ.

ಬಸವನಗುಡಿ_ಪಿಕ್ಸೆಲ್ | ರಾತ್ರಿ 11:48

ತಡೀರಿ, ಏನೂ ಓಡಿಸಬೇಡಿ. ಆ 94ರಲ್ಲಿ ಮೂಲೆಯಲ್ಲಿ ಎಲ್ ಗುರುತು (ರೋಗಿಯ ಎಡಬದಿ ತೋರಿಸುವ ಇಂಗ್ಲಿಷ್ ಅಕ್ಷರ) ಇರುವುದನ್ನು ದೊಡ್ಡದು ಮಾಡಿ ನೋಡಿ. ಅಕ್ಷರ ನೆಟ್ಟಗಿದೆಯಾ, ಕನ್ನಡಿಯಲ್ಲಿ ಕಂಡ ಹಾಗಿದೆಯಾ?

ಕೆಂಗೇರಿ_ಕೋಡರ್ | ರಾತ್ರಿ 12:05

ಸ್ವಲ್ಪ ಕಲಸಿಹೋಗಿದೆ. ಆದರೆ ಎಲ್‌ನ ಕಾಲು ಎಡಕ್ಕೆ ಚಾಚಿರುವುದು ಸ್ಪಷ್ಟ. ಕನ್ನಡಿಯ ಹಾಗೇ ಇದೆ.

ಬಸವನಗುಡಿ_ಪಿಕ್ಸೆಲ್ | ರಾತ್ರಿ 12:31

ಹಾಗಾದರೆ ಸಿಕ್ಕಿತು. ನಿಮ್ಮ ಟ್ರಾನ್ಸ್‌ಫಾರ್ಮ್‌ನಲ್ಲಿ, ಅಂದರೆ ಕಲಿಸುವ ಮುಂಚೆ ಚಿತ್ರ ಬದಲಿಸುವ ಹಂತದಲ್ಲಿ, ರ್‍ಯಾಂಡಮ್ ಹಾರಿಜಾಂಟಲ್ ಫ್ಲಿಪ್ (ಕೆಲವು ಚಿತ್ರಗಳನ್ನು ಎಡಬಲ ತಿರುಗಿಸುವುದು) ಕೂತಿದೆ. ಅದರ ಮಾಮೂಲಿ ಬೆಲೆ 0.5, ಅಂದರೆ ಅರ್ಧಕ್ಕರ್ಧ ಚಿತ್ರ ತಿರುಗಿಸಿಯೇ ಮಾಡೆಲ್‌ಗೆ ತೋರಿಸಿದ್ದೀರಿ, ಅದೂ ಹಾಗೇ ಕಲಿತಿದೆ.

ಬೆಕ್ಕಿನ ಫೋಟೋ ತಿರುಗಿಸಿದರೆ ಬೆಕ್ಕೇ. ಎದೆ ಹಾಗಲ್ಲ. ಎಕ್ಸ್‌ರೇಯಲ್ಲಿ ರೋಗಿ ನಮ್ಮೆದುರು ನಿಂತ ಹಾಗಿರುತ್ತಾರೆ, ಅವರ ಎಡ ನಮ್ಮ ಬಲಕ್ಕೆ ಬರುತ್ತದೆ, ಹೃದಯದ ಉಬ್ಬೂ ಅಲ್ಲೇ, ವಪೆಯ (ಎದೆ, ಹೊಟ್ಟೆ ನಡುವಿನ ಸ್ನಾಯುವಿನ ಪರದೆ) ಕೆಳಗೆ ಹೊಟ್ಟೆಯ ಗಾಳಿಗುಳ್ಳೆಯೂ ಅಲ್ಲೇ. ಯಕೃತ್ತು ಇನ್ನೊಂದು ಕಡೆ ಇರುವುದರಿಂದ ಆ ಬದಿಯ ವಪೆ ಸಾಮಾನ್ಯವಾಗಿ ಸ್ವಲ್ಪ ಮೇಲಿರುತ್ತದೆ. ನಿಜವಾಗಿ ಹೃದಯ ಬಲಕ್ಕಿರುವವರೂ ಇದ್ದಾರೆ, ತೀರ ಅಪರೂಪ, ಆದರೆ ಅವರ ಫಿಲ್ಮ್‌ನಲ್ಲಿ ಅಕ್ಷರ ನೆಟ್ಟಗೇ ಇರುತ್ತದೆ. ಅದಕ್ಕೇ ಮೊದಲು ಎಲ್ ಕೇಳಿದ್ದು.

ಎಫ್‌ಐಡಿ ಯಾಕೆ ಹಿಡಿಯಲಿಲ್ಲ ಅಂದರೆ, ಬಹುಶಃ ಅಸಲಿ ಚಿತ್ರಗಳನ್ನೂ ಅದೇ ಲೋಡರ್‌ನಿಂದ (ಚಿತ್ರ ಓದಿ, ತಿರುಗಿಸಿ ಕೊಡುವ ಕೋಡ್) ಕೊಟ್ಟಿದ್ದೀರಿ. ಎರಡೂ ಕಡೆ ಅರ್ಧ ತಿರುಗಿದ್ದರೆ ಹೋಲಿಕೆ ಚೆನ್ನಾಗಿಯೇ ಬರುತ್ತದೆ ಅಲ್ವಾ. ಮೇಲಾಗಿ ಅದು ನಾಯಿ, ಕಾರು, ಕುರ್ಚಿಗಳ ಫೋಟೋ ನೋಡಿ ಕಲಿತ ಇನ್ಸೆಪ್ಷನ್ ನೆಟ್‌ವರ್ಕ್ ಮೇಲೆ ನಿಂತ ಅಳತೆ. ಎಕ್ಸ್‌ರೇಗೆ ಅದೊಂದನ್ನೇ ನಂಬಬೇಡಿ, ದಯವಿಟ್ಟು.

ಫಿಲ್ಮ್_ಓದುವವಳು | ಮಂಗಳವಾರ ಬೆಳಿಗ್ಗೆ 7:10

ಫ್ಲಿಪ್ ತೆಗೆದ ಮೇಲೆ ಇನ್ನೊಂದು ನೋಡಿ, ನನಗೆ ಅದೇ ದೊಡ್ಡ ಚಿಂತೆ. ಆ ಡೇಟಾದಲ್ಲಿ ನ್ಯೂಮೋಥೊರಾಕ್ಸ್ ಅಂತ ಗುರುತಾದ ಬಹಳಷ್ಟು ಚಿತ್ರಗಳು ಚಿಕಿತ್ಸೆ ಶುರುವಾದ ಮೇಲಿನವು, ಗಾಳಿ ಹೊರತೆಗೆಯುವ ಟ್ಯೂಬ್ ಎದೆಯೊಳಗಿದೆ. ನಿಮ್ಮ ಮಾಡೆಲ್ ಟ್ಯೂಬ್ ಬಿಡಿಸುವುದನ್ನು ಕಲಿತಿದ್ದರೆ ಕ್ಲಾಸಿಫೈಯರ್ ಟ್ಯೂಬ್ ಹುಡುಕುವುದನ್ನು ಕಲಿಯುತ್ತದೆ. ಟ್ಯೂಬ್ ಹಾಕದ, ಉಸಿರಾಡಲು ಒದ್ದಾಡುತ್ತಾ ಈಗಷ್ಟೇ ಬಂದ ರೋಗಿಯನ್ನೇ ಅದು ಬಿಟ್ಟುಬಿಡುತ್ತದೆ.

ಫೈಲ್ ಹೆಸರೂ ನೋಡಿ. 00000001_000 ಅಂತಿದ್ದರೆ ಮೊದಲ ಎಂಟು ಅಂಕಿ ರೋಗಿಯ ಸಂಖ್ಯೆ. 1,12,120 ಚಿತ್ರಗಳಿವೆ, ಆದರೆ ರೋಗಿಗಳು 30,805 ಮಾತ್ರ. ಕಲಿಕೆಗೆ, ಟೆಸ್ಟ್‌ಗೆ ಅಂತ ಚಿತ್ರದ ಲೆಕ್ಕದಲ್ಲಿ ಭಾಗ ಮಾಡಿದರೆ ಒಬ್ಬರೇ ಎರಡೂ ಕಡೆ ಬರುತ್ತಾರೆ. ರೋಗಿಯ ಲೆಕ್ಕದಲ್ಲಿ ಭಾಗ ಮಾಡಿ, ಟೆಸ್ಟ್‌ಗೆ ಇಟ್ಟವರನ್ನು ಚಿತ್ರ ಮಾಡುವ ಮಾಡೆಲ್‌ಗೂ ತೋರಿಸಬೇಡಿ. 3,000 ಚಿತ್ರಕ್ಕೆ ಅದು ಕೆಲವನ್ನು ಹಾಗ್‌ಹಾಗೇ ಬಾಯಿಪಾಠ ಮಾಡಿರಲೂಬಹುದು. ಒಂದೊಂದು ಕೃತಕ ಚಿತ್ರಕ್ಕೂ ಅತಿ ಹತ್ತಿರದ ಅಸಲಿ ಚಿತ್ರ ಹುಡುಕಿ ಪಕ್ಕಪಕ್ಕ ಇಟ್ಟು ನೋಡಿ. ಪಕ್ಕೆಲುಬು, ವೈರು ಎಲ್ಲ ಒಂದೇ ಆಗಿದ್ದರೆ ಅದು ಯಾರೋ ಒಬ್ಬರ ನಿಜವಾದ ಎಕ್ಸ್‌ರೇ. ಹಂಚಬೇಡಿ.

ಕೆಂಗೇರಿ_ಕೋಡರ್ | ಗುರುವಾರ ರಾತ್ರಿ 9:40

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಫ್ಲಿಪ್ ನಿಜಕ್ಕೂ ಇತ್ತು, ಹಳೇ ಸ್ಕ್ರಿಪ್ಟ್‌ನಿಂದ ಬಂದದ್ದು. ತೆಗೆದು, ರೋಗಿಯ ಲೆಕ್ಕದಲ್ಲಿ ಭಾಗ ಮಾಡಿ ಮತ್ತೆ ಓಡಿಸಿದೆ. 200ರಲ್ಲಿ ಒಂದೂ ತಿರುಗಿಲ್ಲ.

ಟ್ಯೂಬ್ ಮಾತು ಮಾತ್ರ ನಿಜವಾಯಿತು. 50 ಕೃತಕ ಚಿತ್ರ ತೆಗೆದು ನೋಡಿದರೆ 31ರಲ್ಲಿ ಟ್ಯೂಬ್‌ನಂಥ ಬಿಳಿ ಗೆರೆ ಇದೆ. ಒಂದರಲ್ಲಿ ಟ್ಯೂಬ್ ಪಕ್ಕೆಯಿಂದ ಒಳಗೆ ಬಂದು ಶ್ವಾಸಕೋಶದ ಮಧ್ಯೆ ಸುಮ್ನೆ ಕರಗಿಹೋಗಿದೆ. ನಾಲ್ಕು ಚಿತ್ರ ಅಸಲಿಗೆ ತೀರ ಹತ್ತಿರ ಇದ್ದವು, ಅಳಿಸಿದೆ. ಶನಿವಾರ ಚಿಕ್ಕಮ್ಮನ ಮಗಳ ಜೊತೆ ಕೂತು ಟ್ಯೂಬ್ ಇರುವ, ಇಲ್ಲದ ಅಸಲಿ ಚಿತ್ರಗಳನ್ನು ಬೇರೆ ಬೇರೆ ಮಾಡುತ್ತೇವೆ. ಅದು ಮುಗಿಯುವವರೆಗೆ ಕ್ಲಾಸಿಫೈಯರ್ ಮುಟ್ಟುವುದಿಲ್ಲ.