ಸಹಾಯ ಬೇಕು: 1853ರ ದಾನಪತ್ರದ ಆಚೆಗೆ ದಾರಿ ಕಾಣ್ತಿಲ್ಲ

ಎಲ್ಲರಿಗೂ ನಮಸ್ಕಾರ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿದ್ದೇನೆ. ಇಲ್ಲಿನ ನನ್ನ ಸ್ನೇಹಿತೆಯ ಪೂರ್ವಜರು ಗುಲಾಮರಾಗಿದ್ದವರು. ಅವರ ವಂಶ ಹುಡುಕಲು ನಾನೂ ಕೈಜೋಡಿಸಿದ್ದೇನೆ. ನಮ್ಮೂರಿನ ಪಹಣಿ, ಕ್ರಯಪತ್ರ ನೋಡಿ ಅಭ್ಯಾಸ ಇದೆಯಲ್ಲ ಅನ್ನೋ ಧೈರ್ಯ!

1870ರ ಜನಗಣತಿಯಲ್ಲಿ ಅವರ ಹಿರಿಯಜ್ಜಿ ಸಿಕ್ಕರು, ವಯಸ್ಸು 30. ಅದೇ ಅಡ್ಡಹೆಸರಿನ ಬಿಳಿಯ ಜಮೀನುದಾರನೊಬ್ಬ ಅದೇ ಕೌಂಟಿಯಲ್ಲಿದ್ದ (ಕೌಂಟಿ ಅಂದ್ರೆ ನಮ್ಮ ಜಿಲ್ಲೆಯ ಥರ); ಅವನೇ ಒಡೆಯ ಇರಬಹುದು ಅಂದುಕೊಂಡೆ. ಆದರೆ 1860ರ ಗುಲಾಮರ ಪಟ್ಟಿಯಲ್ಲಿ ಅವನ ಕೆಳಗೆ 20ರ ಆಸುಪಾಸಿನ ಹೆಂಗಸೇ ಇಲ್ಲ. ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಹೆಸರೂ ಇರಲ್ಲ, ಬರೀ ವಯಸ್ಸು, ಲಿಂಗ, ಬಣ್ಣ.

ಆಸ್ತಿ ಪತ್ರಗಳನ್ನು ದಾಖಲಿಸುವ ಡೀಡ್ ಬುಕ್ಕಿನ ಇಂಡೆಕ್ಸಿನಲ್ಲೂ ಕೊಟ್ಟವರು, ಪಡೆದವರ ಹೆಸರು ಮಾತ್ರ. ಹಾಗಾಗಿ ಜಮೀನುದಾರನ ಹೆಸರಲ್ಲಿದ್ದ ಪತ್ರಗಳನ್ನೆಲ್ಲ ಒಂದೊಂದಾಗಿ ಓದಿದೆ. 1853ರಲ್ಲಿ ಅವನು ಮಗಳಿಗೆ ಬರೆದುಕೊಟ್ಟ ದಾನಪತ್ರ ಸಿಕ್ಕಿತು. ಒಂದು ಮಂಚ, ಎರಡು ಹಸು, ಆಮೇಲೆ ಅಜ್ಜಿಯ ಹೆಸರಿನ ಹುಡುಗಿ, 'ಮತ್ತು ಅವಳಿಗೆ ಮುಂದೆ ಹುಟ್ಟುವ ಸಂತಾನ'. ಹಸುವಿನ ಪಕ್ಕದಲ್ಲೇ. ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ.

ಆ ಮಗಳು ಮದುವೆಯಾಗಿ ಪಕ್ಕದ ಕೌಂಟಿಗೆ ಹೋಗಿದ್ದಾಳೆ. ಅಲ್ಲಿ ಅವಳ ಹೆಸರಲ್ಲೂ ಗಂಡನ ಹೆಸರಲ್ಲೂ ಮಾರಾಟದ ಪತ್ರ ಸಿಗಲಿಲ್ಲ. ಹೆಂಡತಿಯ ಚರಾಸ್ತಿ ಆಗ ಗಂಡನ ಪಾಲಾಗುತ್ತಿತ್ತು ಅಲ್ವಾ?

ನನ್ನ ಪ್ರಶ್ನೆ ಇಷ್ಟೇ: ಮುಂದೆ ಮೊದಲು ಯಾವುದನ್ನು ನೋಡಲಿ? ಅಳಿಯ ಸಾಲಕ್ಕೆ ಗುಲಾಮರನ್ನು ಅಡವಿಟ್ಟಿರಬಹುದಾದ ಟ್ರಸ್ಟ್ ಡೀಡ್‌ಗಳನ್ನೋ, ಮಾವನ ಉಯಿಲು ಮತ್ತು ಆಸ್ತಿ ಹಂಚಿಕೆಯ ಕಾಗದಗಳನ್ನೋ? ಇಂಥ ದಾಖಲೆ ಹುಡುಕಿದವರು ಇದ್ದರೆ ದಯವಿಟ್ಟು ಹೇಳಿ.