ಕರೆಂಟು ಮಿಣುಕಿದಾಗ ಸ್ಮಾರ್ಟ್ ಫ್ಲೋರ್ ಲ್ಯಾಂಪ್ ಫೋನಿನಿಂದ ಕಾಣೆಯಾಗುತ್ತದೆ, ಬಿಳಿ ಬೆಳಕು ಕೆಂಪಾಗುತ್ತದೆ: ಪರಿಹಾರ ಬೇಕಾಗಿದೆ

ತೋಟದಮನೆ (ಶಿರಸಿ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಜಗಲಿಯಲ್ಲಿ ಬಣ್ಣ ಬದಲಿಸುವ, ಆಳೆತ್ತರದ ಸ್ಮಾರ್ಟ್ ಫ್ಲೋರ್ ಲ್ಯಾಂಪ್ ಒಂದಿದೆ. ಅದರ ಕಂಬ ಮೂರು ತುಂಡುಗಳದ್ದು. ಒಂದರ ಮೇಲೊಂದನ್ನು ಸಿಕ್ಕಿಸಿ ನಿಲ್ಲಿಸಬೇಕು. ಅಡಾಪ್ಟರಿನ ಮೇಲೆ 12 ವೋಲ್ಟ್, 2 ಆಂಪಿಯರ್ ಎಂದು ಬರೆದಿದೆ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದ ಮೇಲೆ ತಂದೆಯವರಿಗೆ ಟ್ಯೂಬ್‌ಲೈಟಿನ ಬೆಳಕು ಚುಚ್ಚುತ್ತದೆ. ಹೀಗಾಗಿ ಸಂಜೆ ಹದವಾದ ಬಿಳಿ ಬೆಳಕು, ರಾತ್ರಿ ಹತ್ತರ ನಂತರ ಬಚ್ಚಲಿನ ದಾರಿ ಕಾಣುವಷ್ಟು ಮಂದವಾದ ಕಿತ್ತಳೆ ಬೆಳಕು ತಾನಾಗಿಯೇ ಬರುವಂತೆ ವೇಳಾಪಟ್ಟಿ ಹಾಕಿಟ್ಟಿದ್ದೇನೆ.

ಮಳೆಗಾಲ ಹಿಡಿದ ಮೇಲೆ ಎರಡು ತೊಂದರೆಗಳು ಕಾಣಿಸಿಕೊಂಡಿವೆ. ಗಾಳಿಮಳೆಯಲ್ಲಿ ಕರೆಂಟು ನಾಲ್ಕಾರು ಸಲ ಹೋಗಿ ಬಂದು ಮಾಡಿದರೆ ದೀಪ ಬೇಗಬೇಗನೆ ಮಿಣುಕತೊಡಗುತ್ತದೆ, ಫೋನಿನಲ್ಲಿ ಆಫ್‌ಲೈನ್ ಎಂದು ತೋರಿಸುತ್ತದೆ. ಮತ್ತೆ ಹೊಸದಾಗಿ ಸೇರಿಸುವವರೆಗೆ ಯಾವ ಆಜ್ಞೆಯನ್ನೂ ಕೇಳುವುದಿಲ್ಲ, ವೇಳಾಪಟ್ಟಿಯೂ ಅಳಿಸಿಹೋಗಿರುತ್ತದೆ. ಎರಡನೆಯದು, ಪೂರ್ತಿ ಬಿಳಿ ಬೆಳಕಿಗೆ ಇಟ್ಟರೆ ಮೇಲಿನ ತುಂಡು ಮಾತ್ರ ಕೆಂಪು ಛಾಯೆಗೆ ತಿರುಗಿ ನಡುನಡುವೆ ಅದುರುತ್ತದೆ. ರೌಟರ್ ಇರುವುದು ಒಳಕೋಣೆಯಲ್ಲಿ, ನಡುವೆ ದಪ್ಪನೆಯ ಹಳೆಯ ಗೋಡೆಯಿದೆ. ರೌಟರಿಗೆ ಇನ್ವರ್ಟರಿನ ಸಂಪರ್ಕವಿದೆ, ದೀಪಕ್ಕಿಲ್ಲ. ಆ್ಯಪನ್ನು ಅಳಿಸಿ ಮತ್ತೆ ಹಾಕಿದ್ದೂ, ದೀಪವನ್ನು ರೀಸೆಟ್ ಮಾಡಿದ್ದೂ ಆಗಿದೆ. ರಾತ್ರಿ ತಂದೆಯವರು ಕತ್ತಲೆಯಲ್ಲಿ ಎಡವಿಯಾರೆಂಬ ಚಿಂತೆಯಿಂದ ಕೇಳುತ್ತಿದ್ದೇನೆ.

ಅಘನಾಶಿನಿ (ಕುಮಟಾ)

ಮೊದಲು ವೈಫೈ ನೋಡಿಕೊಳ್ಳಿ. ಇಂಥ ದೀಪಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ವೈಫೈಯನ್ನು ಮಾತ್ರ ಹಿಡಿಯುತ್ತವೆ. ರೌಟರಿನಲ್ಲಿ 2.4 ಮತ್ತು 5 ಎರಡಕ್ಕೂ ಒಂದೇ ಹೆಸರಿದ್ದರೆ ಹೊಸದಾಗಿ ಸೇರಿಸುವಾಗ ಗೊಂದಲವಾಗುವುದುಂಟು. ಹೆಸರು ಬೇರೆ ಮಾಡಿ. ರೌಟರಿನಲ್ಲಿ ವೈಫೈ ಭದ್ರತೆಯನ್ನು ಹೊಸ ಬಗೆಯಾದ ಡಬ್ಲ್ಯುಪಿಎ3 ಮಾತ್ರಕ್ಕೆ ಇಟ್ಟಿದ್ದರೆ ಹಳೆಯ ಬಗೆಯಾದ ಡಬ್ಲ್ಯುಪಿಎ2ಕ್ಕೂ ಅವಕಾಶ ಕೊಡಿ.

ತೋಟದಮನೆ (ಶಿರಸಿ)

ಧನ್ಯವಾದ. ಹೆಸರುಗಳು ಮೊದಲಿನಿಂದಲೂ ಬೇರೆಬೇರೆಯೇ ಇವೆ. ಸೇರಿಸುವಾಗ ತೊಂದರೆಯಿಲ್ಲ, ಪ್ರತಿ ಸಲವೂ ಸಲೀಸಾಗಿ ಸೇರುತ್ತದೆ. ಕರೆಂಟು ಸ್ಥಿರವಾಗಿದ್ದಷ್ಟು ಕಾಲ ಆಫ್‌ಲೈನ್ ಆಗುವುದೇ ಇಲ್ಲ.

ಕಾಳಿತೀರ (ಕಾರವಾರ)

ತೋಟದಮನೆಯವರೇ, ನಿಮ್ಮ ಕೊನೆಯ ವಾಕ್ಯದಲ್ಲೇ ಉತ್ತರವಿದೆ ಎಂದು ನನ್ನ ಅಭಿಪ್ರಾಯ. ಸಂಪರ್ಕ ಕಡಿದುಹೋದ ದೀಪ ಬರಿದೇ ಆಫ್‌ಲೈನ್ ಆಗುತ್ತದೆ, ರೌಟರ್ ಸಿಕ್ಕೊಡನೆ ತಾನೇ ಮರಳಿ ಸೇರುತ್ತದೆ. ಬೇಗಬೇಗನೆ ಮಿಣುಕುವ ದೀಪದ ಸ್ಥಿತಿ ಬೇರೆ: ಅದು ತನ್ನ ಹಳೆಯ ಸಂಪರ್ಕವನ್ನು ಮರೆತು, ಹೊಸದಾಗಿ ಸೇರಿಸಿಕೊಳ್ಳಿ ಎಂದು ಕಾಯುತ್ತಿದೆ. ಸ್ಮಾರ್ಟ್ ಬಲ್ಬಿಗೆ ಗುಂಡಿ ಇಲ್ಲದ್ದರಿಂದ, ಸ್ವಿಚ್ಚನ್ನು ಬೆನ್ನುಬೆನ್ನಿಗೆ ಮೂರೋ ಐದೋ ಸಲ ಆರಿಸಿ ಹೊತ್ತಿಸಿದರೆ ರೀಸೆಟ್ ಆಗುವಂತೆ ಅನೇಕ ತಯಾರಕರು ಏರ್ಪಾಡು ಮಾಡಿರುತ್ತಾರೆ. ಅದೇ ಏರ್ಪಾಡು ಕೆಲವು ಫ್ಲೋರ್ ಲ್ಯಾಂಪುಗಳಲ್ಲೂ ಉಳಿದುಕೊಂಡಿರುತ್ತದೆ. ತಂತಿಯ ಮೇಲೆ ಕೊಂಬೆ ತಾಗಿ ಕರೆಂಟು ಹೋಗಿ ಬಂದು ಮಾಡುವುದಕ್ಕೂ, ಮನುಷ್ಯರು ಸ್ವಿಚ್ಚು ಒತ್ತುವುದಕ್ಕೂ ಇರುವ ವ್ಯತ್ಯಾಸ ದೀಪಕ್ಕೆ ತಿಳಿಯುವುದಿಲ್ಲ.

ಇದನ್ನು ಊಹೆಯ ಮೇಲೆ ಬಿಡಬೇಕಾಗಿಲ್ಲ. ಕರೆಂಟು ಸರಿಯಾಗಿರುವ ಹೊತ್ತಿನಲ್ಲಿ ಗೋಡೆಯ ಸ್ವಿಚ್ಚನ್ನು ನೀವೇ ಒಂದೆರಡು ಸೆಕೆಂಡುಗಳ ಅಂತರದಲ್ಲಿ ಕೆಲವು ಸಲ ಆರಿಸಿ ಹೊತ್ತಿಸಿ ನೋಡಿ. ದೀಪ ಅದೇ ರೀತಿ ಮಿಣುಕತೊಡಗಿದರೆ ಕಾರಣ ಖಚಿತವಾಯಿತು. ಆಮೇಲೆ ರೌಟರನ್ನಾಗಲಿ ಆ್ಯಪನ್ನಾಗಲಿ ಮುಟ್ಟುವ ಅಗತ್ಯವಿಲ್ಲ. ಕೆಲವು ಆ್ಯಪುಗಳಲ್ಲಿ ಈ ಸ್ವಿಚ್ಚಿನ ರೀಸೆಟ್ಟನ್ನು ನಿಲ್ಲಿಸುವ ಆಯ್ಕೆ ಇರುತ್ತದೆ, ಹುಡುಕಿ. ಇಲ್ಲದಿದ್ದರೆ ದೀಪಕ್ಕೆ ಕರೆಂಟಿನ ಏರುಪೇರು ಗೊತ್ತಾಗದಂತೆ ಮಾಡುವುದೊಂದೇ ದಾರಿ. ನಿಮ್ಮ ದೀಪ 12 ವೋಲ್ಟಿನದಾದ್ದರಿಂದ, ರೌಟರುಗಳಿಗೆಂದು ಮಾರುವ 12 ವೋಲ್ಟಿನ ಮಿನಿ ಯುಪಿಎಸ್ ಇದಕ್ಕೂ ಆಗುತ್ತದೆ. ಕೊಳ್ಳುವಾಗ ಅದು 2 ಆಂಪಿಯರಿಗಿಂತ ಕಡಿಮೆಯದಾಗಿರಬಾರದು. ಪಿನ್ನಿನ ಅಳತೆ ಹೊಂದಬೇಕು. ಪಿನ್ನಿನ ಒಳಭಾಗ ಪ್ಲಸ್ಸೋ ಮೈನಸ್ಸೋ ಎಂಬ ಗುರುತು ಎರಡರ ಮೇಲೂ ಒಂದೇ ಆಗಿರಬೇಕು. ಮನೆಯ ಇನ್ವರ್ಟರಿಗೆ ಜೋಡಿಸುವುದೂ ಸಾಧ್ಯ, ಆದರೆ ಲೈನಿನಿಂದ ಬ್ಯಾಟರಿಗೆ ಬದಲಾಗುವ ಕ್ಷಣದ ಅಂತರ ಎಲ್ಲ ಇನ್ವರ್ಟರುಗಳಲ್ಲೂ ಒಂದೇ ಸಮನಲ್ಲ. ಬೇಗನೆ ಬದಲಾಗುವ ಯುಪಿಎಸ್ ಮೋಡ್ ಇದ್ದರೆ ಅದರಲ್ಲಿಟ್ಟು ಪರೀಕ್ಷಿಸಬೇಕು.

ಈಗ ಕೆಂಪು ಛಾಯೆಯ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಇದನ್ನು ಎಲ್‌ಇಡಿ ಕೆಟ್ಟಿದೆ ಎಂದು ತಿಳಿದು ಒಳ್ಳೆಯ ದೀಪವನ್ನೇ ಎಸೆದುಬಿಡುವವರಿದ್ದಾರೆ. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟಿಗೆ ಬೆಳಗುತ್ತದೆ. ಹಸಿರು ಮತ್ತು ನೀಲಿಗೆ ಸುಮಾರು 3 ವೋಲ್ಟ್ ಬೇಕು. 12 ವೋಲ್ಟಿನ ಪಟ್ಟಿಯಲ್ಲಿ ಸಾಮಾನ್ಯವಾಗಿ ಒಂದೊಂದು ಬಣ್ಣದ ಮೂರು ಎಲ್‌ಇಡಿಗಳನ್ನು ಸರಣಿಯಲ್ಲಿ ಜೋಡಿಸಿರುವುದರಿಂದ, ನೀಲಿಯ ಸರಣಿಗೇ 9 ವೋಲ್ಟಿನಷ್ಟು ಬೇಕಾದರೆ ಕೆಂಪಿಗೆ 6 ಸಾಕು. ಒತ್ತಡ ಒಂದೂವರೆ ವೋಲ್ಟಿನಷ್ಟು ಇಳಿದರೆ ನೀಲಿ, ಹಸಿರುಗಳು ಬಹಳ ಮಂಕಾಗುತ್ತವೆ, ಕೆಂಪು ಅಷ್ಟಾಗಿ ಕುಗ್ಗುವುದಿಲ್ಲ. ಮೂರೂ ಬಣ್ಣ ಸೇರಿಯೇ ಬಿಳಿಯಾಗಬೇಕಾದಲ್ಲಿ ಕೆಂಪು ಮೇಲುಗೈಯಾಗುತ್ತದೆ. ಪೂರ್ತಿ ಬಿಳಿಯಲ್ಲಿ ಮೂರೂ ಸರಣಿಗಳು ಒಟ್ಟಿಗೆ ಉರಿಯುವುದರಿಂದ ಆಗಲೇ ಅತಿ ಹೆಚ್ಚು ವಿದ್ಯುತ್ ಹರಿಯುತ್ತದೆ. ತೋಟದಲ್ಲಿ ಎಲ್ಲ ಸ್ಪ್ರಿಂಕ್ಲರುಗಳನ್ನು ಒಮ್ಮೆಗೇ ಬಿಟ್ಟಾಗ ಪೈಪಿನ ಕೊನೆಯದಕ್ಕೆ ನೀರಿನ ಒತ್ತಡ ಸಾಲದಂತೆ, ಮೇಲಿನ ತುಂಡಿಗೇ ಕೊರತೆ ತಟ್ಟುತ್ತದೆ. ರಾತ್ರಿಯ ಮಂದ ಬೆಳಕಿನಲ್ಲಿ ಈ ದೋಷ ಕಾಣದಿರುವುದಕ್ಕೂ ಇದೇ ಕಾರಣ.

ಪರೀಕ್ಷೆ ಹೀಗೆ ಮಾಡಿ. ಬಿಳಿ ಬೆಳಕನ್ನೇ ಇಟ್ಟುಕೊಂಡು ಪ್ರಖರತೆಯನ್ನು ಶೇಕಡ 30ಕ್ಕೆ ಇಳಿಸಿ. ಕೆಂಪು ಛಾಯೆ ಹೋದರೆ ಎಲ್‌ಇಡಿ ಚೆನ್ನಾಗಿದೆ; ದೋಷ ಅಡಾಪ್ಟರಿನಲ್ಲೋ ತುಂಡುಗಳ ಕೂಡಿಕೆಯಲ್ಲೋ ಇದೆ. ಅದರ ಬದಲು ಯಾವ ಪ್ರಖರತೆಯಲ್ಲೂ ನೀಲಿಯೇ ಬರದಿದ್ದರೆ ಆ ಬಣ್ಣದ ತಂತಿ ಅಥವಾ ನಿಯಂತ್ರಕ ಕೆಟ್ಟಿದೆ ಎಂದರ್ಥ, ಅದು ಬೇರೆಯೇ ದುರಸ್ತಿ.

ಕೂಡಿಕೆಯನ್ನು ನೋಡುವ ಮೊದಲು ಪ್ಲಗ್ಗನ್ನು ಗೋಡೆಯಿಂದ ಕಿತ್ತಿಡಿ. ಕಾರವಾರದಲ್ಲಿ ನಮಗೆ ಉಪ್ಪುಗಾಳಿಯ ಕಾಟ. ಕಡಲಿಗೆ ಹತ್ತಿರದ ಮನೆಗಳಲ್ಲಿ ತಾಮ್ರದ ಪಿನ್ನು ಹಸಿರು ಕಿಲುಬು ಹಿಡಿಯುವುದು ತೀರ ಸಾಮಾನ್ಯ. ಶಿರಸಿಯಲ್ಲಿ ಉಪ್ಪಿಲ್ಲದಿದ್ದರೂ ತಿಂಗಳುಗಟ್ಟಲೆ ಆರದ ತೇವವಿದೆ, ಅದೂ ಸಾಕು. ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಪಿನ್ನುಗಳನ್ನು ಒರೆಸಿ, ಪೂರ್ತಿ ಒಣಗಿದ ಮೇಲೆ ಬಿಗಿಯಾಗಿ ಕೂಡಿಸಿ. ಮರಳುಕಾಗದದಿಂದ ಉಜ್ಜಬೇಡಿ; ಮೇಲಿನ ಲೇಪ ಹೋದರೆ ಕಿಲುಬು ಇನ್ನೂ ಬೇಗ ಹತ್ತುತ್ತದೆ. ಆಮೇಲೂ ಛಾಯೆ ಉಳಿದರೆ, ಬಲ್ಲವರಿಂದ ಪೂರ್ತಿ ಬಿಳಿಯಲ್ಲಿ ದೀಪ ಉರಿಯುತ್ತಿರುವಾಗಲೇ ಅಡಾಪ್ಟರಿನ ಒತ್ತಡವನ್ನು ಮಲ್ಟಿಮೀಟರಿನಲ್ಲಿ ಅಳೆಸಿ. ದೀಪ ಜೋಡಿಸದೆ ಅಳೆದರೆ ಸೋತ ಅಡಾಪ್ಟರೂ 12 ಎಂದೇ ತೋರಿಸೀತು. ಹೊರೆಯ ಮೇಲೆ 11.4ಕ್ಕಿಂತ ಕೆಳಗಿದ್ದರೆ ಬದಲಿಸಿ. ಅಡಾಪ್ಟರನ್ನು ದಯವಿಟ್ಟು ಬಿಚ್ಚಬೇಡಿ: 230 ವೋಲ್ಟಿನ ಲೈನಿನಿಂದ ಅದರೊಳಗಿನ ಕೆಪಾಸಿಟರ್ 325 ವೋಲ್ಟಿನವರೆಗೆ ತುಂಬಿಕೊಳ್ಳುತ್ತದೆ, ಪ್ಲಗ್ಗು ಕಿತ್ತ ಮೇಲೂ ಸ್ವಲ್ಪ ಹೊತ್ತು ಹಿಡಿದಿಟ್ಟುಕೊಂಡಿರಬಹುದು.

ನಿಮ್ಮ ತಂದೆಯವರ ದೃಷ್ಟಿಯಿಂದ ಎರಡು ಮಾತು ಸೇರಿಸಬೇಕು. ಕರೆಂಟು ಬಂದಾಗ ದೀಪ ಹೇಗಿರಬೇಕು ಎಂಬ ಆಯ್ಕೆ ಆ್ಯಪಿನಲ್ಲಿದ್ದರೆ ‘ಹಿಂದಿನ ಸ್ಥಿತಿ’ ಎಂಬುದನ್ನು ಆರಿಸಿ, ಇಲ್ಲವಾದರೆ ನಡುರಾತ್ರಿ ಪೂರ್ತಿ ಬಿಳಿ ಬೆಳಕು ಅವರ ಕಣ್ಣಿಗೆ ರಾಚೀತು. ಇಂಥ ಹೆಚ್ಚಿನ ದೀಪಗಳ ಗಡಿಯಾರಕ್ಕೆ ಪ್ರತ್ಯೇಕ ಬ್ಯಾಟರಿ ಇರುವುದಿಲ್ಲ. ಕರೆಂಟು ಹೋಗಿ ಬಂದ ಮೇಲೆ ಸಮಯವನ್ನು ಇಂಟರ್ನೆಟ್ಟಿನಿಂದ ಪಡೆಯುತ್ತವೆ. ಮರ ಬಿದ್ದು ಫೈಬರ್ ಕಡಿದ ದಿನ ವೇಳಾಪಟ್ಟಿಯನ್ನು ನಂಬುವಂತಿಲ್ಲ. ದೀಪದ ಬುಡದ ಗುಂಡಿಯಿಂದಲೇ ಕಿತ್ತಳೆ ಬೆಳಕು ಹಾಕಿಕೊಳ್ಳುವುದನ್ನು ಅವರಿಗೆ ರೂಢಿ ಮಾಡಿಸಿ.

ತೋಟದಮನೆ (ಶಿರಸಿ)

ಕಾಳಿತೀರ ಅವರೇ, ತಾವು ಹೇಳಿದ ಕ್ರಮದಲ್ಲೇ ಮಾಡಿದೆ. ಸ್ವಿಚ್ಚನ್ನು ಬೆನ್ನುಬೆನ್ನಿಗೆ ಒತ್ತಿದಾಗ ದೀಪ ಅದೇ ರೀತಿ ಮಿಣುಕಿತು. ನಮ್ಮ ಆ್ಯಪಿನಲ್ಲಿ ಅದನ್ನು ನಿಲ್ಲಿಸುವ ಆಯ್ಕೆ ಇಲ್ಲ, ಹೀಗಾಗಿ 3 ಆಂಪಿಯರಿನ ಮಿನಿ ಯುಪಿಎಸ್ ಜೋಡಿಸಿದೆ. ಆಮೇಲೆ ಗಾಳಿಮಳೆಗೆ ಕರೆಂಟು ಹಲವು ಸಲ ಹೋಗಿ ಬಂದರೂ ದೀಪ ಸಂಪರ್ಕ ಮರೆತಿಲ್ಲ. ಮೇಲಿನ ಕೂಡಿಕೆಯ ಎರಡು ಪಿನ್ನುಗಳಲ್ಲಿ ಹಸಿರು ಕಿಲುಬಿತ್ತು. ಒರೆಸಿದ ಮೇಲೆ ಅದುರುವುದು ನಿಂತಿತು, ಕೆಂಪು ಛಾಯೆ ಕಡಿಮೆಯಾಯಿತೇ ಹೊರತು ಹೋಗಿರಲಿಲ್ಲ. ಪರಿಚಯದ ಎಲೆಕ್ಟ್ರಿಶಿಯನ್ ಹಳೆಯ ಅಡಾಪ್ಟರನ್ನು ಹೊರೆಯ ಮೇಲೆ ಅಳೆದಾಗ 10.7 ವೋಲ್ಟ್ ಬಂತು. ಬದಲಿಸಿದ ಮೇಲೆ ಬಿಳಿ ಮೂರೂ ತುಂಡುಗಳಲ್ಲಿ ಒಂದೇ ಸಮನಾಗಿದೆ.

ಒಂದು ಸಂದೇಹ ಉಳಿದಿದೆ. ಕರೆಂಟಿಲ್ಲದಾಗ ಪೂರ್ತಿ ಬಿಳಿಯಲ್ಲಿ ಯುಪಿಎಸ್ ಬಹಳ ಹೊತ್ತು ತಾಳುವುದಿಲ್ಲ. ಇದು ಸಹಜವೇ?

ಕಾಳಿತೀರ (ಕಾರವಾರ)

ಸಹಜ. ಪೂರ್ತಿ ಬಿಳಿಯಲ್ಲಿ ನಿಮ್ಮ ದೀಪ 24 ವ್ಯಾಟಿನವರೆಗೆ ಎಳೆಯಬಹುದು, ರೌಟರಿಗೆ ಅದರ ಅರ್ಧವೂ ಸಾಮಾನ್ಯವಾಗಿ ಬೇಡ. ಆ ಪೆಟ್ಟಿಗೆಯ ಬ್ಯಾಟರಿಯನ್ನು ರೌಟರಿನ ಲೆಕ್ಕಕ್ಕೇ ಮಾಡಿರುತ್ತಾರೆ. ಸಂಜೆಯ ಪ್ರಖರತೆಯನ್ನು ಶೇಕಡ 40ಕ್ಕೆ ಇಳಿಸಿದರೆ ಬಹಳ ಹೆಚ್ಚು ಹೊತ್ತು ಬರುತ್ತದೆ. ರಾತ್ರಿಯ ಮಂದ ಕಿತ್ತಳೆ ಬೆಳಕಿನಲ್ಲಿ ನೀಲಿ ಎಲ್‌ಇಡಿ ಬಹುತೇಕ ಆರಿಯೇ ಇರುವುದರಿಂದ ಅದರ ಖರ್ಚು ತೀರ ಸ್ವಲ್ಪ.

ಅಘನಾಶಿನಿ (ಕುಮಟಾ)

ನೀಲಿ ಕಡಿಮೆಯಿದ್ದರೆ ಮಳೆಹುಳುಗಳೂ ಬಿಳಿ ಬೆಳಕಿಗೆ ಮುತ್ತುವಷ್ಟು ಮುತ್ತುವುದಿಲ್ಲ. ಜಗಲಿಯ ದೀಪಕ್ಕೆ ಸಂಜೆಯಲ್ಲೂ ಹಳದಿ ಕಡೆಗೆ ವಾಲಿದ ಬಿಳಿಯನ್ನೇ ಇಡಿ.

ತೋಟದಮನೆ (ಶಿರಸಿ)

ಶೇಕಡ 40ಕ್ಕೆ ಇಳಿಸಿ, ಹಳದಿ ಕಡೆಗೆ ತಿರುಗಿಸಿದ್ದೇನೆ. ತಂದೆಯವರಿಗೆ ಓದಲು ಇಷ್ಟು ಸಾಕಂತೆ. ಸಮಸ್ಯೆ ಪರಿಹಾರವಾಗಿದೆ ಎಂದು ಗುರುತು ಹಾಕುತ್ತಿದ್ದೇನೆ. ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು.