ಹಿಂದಿನ ಟೈರಿನಲ್ಲಿ ನೀರು ಎಷ್ಟಿದೆ ಅಂತ ಬಿಚ್ಚದೆ ತಿಳಿಯೋದು ಹೇಗೆ?

ಎರೆಹೊಲ:
45 ಎಚ್‌ಪಿ ಟ್ರ್ಯಾಕ್ಟರ್, ಹಿಂದೆ 13.6-28 ಟ್ಯೂಬ್ ಟೈರು. ಗಾಲಿಗೆ ಭಾರ ಬಂದು ಹಿಡಿತ ಸಿಗಲಿ ಅಂತ ಎರಡಕ್ಕೂ ನೀರು ತುಂಬಿಸಿ ಎರಡು ವರ್ಷ ಆಯ್ತು. ನಡುವೆ ಎಡಗಡೆಯದು ಎರಡು ಸಲ ಪಂಕ್ಚರ್ ಆಗಿದೆ. ಗೇಜ್ ಹಾಕಿದರೆ ಎರಡೂ 14 ಪಿಎಸ್‌ಐ ತೋರಿಸುತ್ತೆ, ಆದರೆ ಪಲ್ಟಿ ನೇಗಿಲು ಹೂಡಿದಾಗ ಎಡಗಾಲಿ ಜಾಸ್ತಿ ಜಾರುತ್ತೆ. ಗಾಳಿ ಸರಿ ಇದ್ದರೆ ನೀರೂ ಸರಿ ಇದೆ ಅಂತ ತಾನೇ?

ವಾಲ್ವ್ ಪಿನ್:
ಅಲ್ಲ ಸರ್. ಗೇಜ್ ಹೇಳೋದು ಒತ್ತಡ ಮಾತ್ರ. ಒಳಗೆ ನೂರೈವತ್ತು ಲೀಟರ್ ನೀರಿದ್ದರೂ 14, ಬರೀ ಗಾಳಿ ಇದ್ದರೂ 14.

ನೀರಿನ ಮಟ್ಟ ನೋಡೋಕೆ ವಾಲ್ವೇ ಸಾಕು. ಟ್ರ್ಯಾಕ್ಟರನ್ನು ಸಮತಟ್ಟು ಜಾಗಕ್ಕೆ ತನ್ನಿ. ಒಬ್ಬರು ಗಾಲಿ ಪಕ್ಕ ನಿಂತು ಹೇಳಲಿ, ನೀವು ಮೆಲ್ಲಗೆ ಮುಂದೆ ಬಿಟ್ಟು ವಾಲ್ವ್ ನೆತ್ತಿಯ ಮೇಲೆ, ಅಂದರೆ ಗಡಿಯಾರದ 12ರ ಜಾಗಕ್ಕೆ ಬಂದಾಗ ನಿಲ್ಲಿಸಿ. ಎಂಜಿನ್ ಆಫ್, ಹ್ಯಾಂಡ್ ಬ್ರೇಕ್, ಮುಂದಿನ ಗಾಲಿಗೆ ಕಲ್ಲು. ಐದು ನಿಮಿಷ ಬಿಡಿ, ಯಾಕಂದ್ರೆ ವಾಲ್ವ್ ನಳಿಕೆಯಲ್ಲಿ ಉಳಿದ ನೀರು ಇಳಿಯದೆ ಪಿನ್ (ವಾಲ್ವ್ ಒಳಗಿನ ಸೂಜಿ) ಒತ್ತಿದರೆ ಮೊದಲ ಚಿಮ್ಮು ಮೋಸ ಮಾಡುತ್ತೆ. ಆಮೇಲೆ ಮುಖ ಪಕ್ಕಕ್ಕಿಟ್ಟು ಪಿನ್ ಎರಡು ಸೆಕೆಂಡ್ ಒತ್ತಿ. ಗಾಳಿ ಜೊತೆ ನೀರು ಪಚಪಚ ಅಂತ ಹಾರಿದರೆ ಮಟ್ಟ ಅಲ್ಲೇ ಇದೆ, ಅದೇ 75%, ಟೈರಿಗೆ ತುಂಬಬೇಕಾದಷ್ಟು. ಒಣ ಗಾಳಿ ಮಾತ್ರ ಬಂದರೆ ನೀರು ಕೆಳಗಿದೆ. ಗಾಲಿಯನ್ನು ಒಂದೊಂದು ಗೇಣು ಉರುಳಿಸಿ, ಪ್ರತಿ ಸಲ ಕಾದು, ಮತ್ತೆ ಒತ್ತಿ. ನೀರು ಮೊದಲು ಎಲ್ಲಿ ಬರುತ್ತೋ ಅದೇ ಮಟ್ಟ. ವಾಲ್ವ್ 3ರ ಜಾಗದಲ್ಲಿ, ಅಂದರೆ ಆಕ್ಸೆಲ್ ಎತ್ತರದಲ್ಲಿ ಬಂದರೆ ಅರ್ಧ. 4ರ ಜಾಗದಲ್ಲಾದರೆ ಸುಮಾರು 40%.

ಇನ್ನೊಂದು, ಗಾಳಿ ಅಳೆಯುವಾಗಲೂ ವಾಲ್ವ್ ಮೇಲೆಯೇ ಇರಲಿ. ಕೆಳಗಿದ್ದರೆ 28 ಇಂಚು ನೀರಿನ ಭಾರ ಸೇರಿ ಗೇಜ್ ಒಂದು ಪಿಎಸ್‌ಐ ಹೆಚ್ಚು ತೋರಿಸುತ್ತೆ. ನೀರು ಹೊಕ್ಕ ಗೇಜ್ ಒಳಗೆ ತುಕ್ಕು ಹಿಡಿದು ಸುಳ್ಳು ಹೇಳೋಕೆ ಶುರು ಮಾಡೋದು ಬೇರೆ.

ಕಬ್ಬಿನ ಕಾಟಾ:
ಎರಡು ಸಲ ಪಂಕ್ಚರ್ ಅಂದ್ರಲ್ಲ, ಅಲ್ಲೇ ಹೋಗೈತಿ ನೋಡ್ರಿ. ಟ್ಯೂಬ್ ತಗಿಯಾಕ ನೀರು ಚೆಲ್ಲಬೇಕು. ಪ್ಯಾಚ್ ಹಚ್ಚಿ ಬರೇ ಗಾಳಿ ಹೊಡೆದು ಕಳಿಸ್ತಾರ. ಕೇಳಿದ್ರ ಅಷ್ಟೋ ಇಷ್ಟೋ ತುಂಬತಾರ, ಅಳತಿ ಯಾರೂ ಮಾಡಂಗಿಲ್ಲ.

ಪಿನ್ ಮುಟ್ಟದ ಒಂದು ಅಂದಾಜು ಐತಿ. ದಿನಾ ಬಿಸಿಲಾಗ ನಿಂತ ಗಾಡಿ, ಸೂರ್ಯ ಇಳಿದು ಒಂದು ತಾಸಿನ ಮ್ಯಾಲೆ ಟೈರಿನ ಬದಿ ಮೇಲಿಂದ ಕೆಳಗ ಅಂಗೈ ಆಡಿಸ್ರಿ. ನೀರಿರೋ ಭಾಗ ಮತ್ತ ಗಾಳಿ ಇರೋ ಭಾಗ ಒಂದೇ ಬಿಸಿ ಇರಂಗಿಲ್ಲ, ನಡುವ ಗೆರಿ ಎಳದಂಗ ಕೈಗೆ ಹತ್ತತೈತಿ. ಎಡ ಬಲ ಹೋಲಿಸಾಕ ಸಾಕು, ಲೀಟರ್ ಲೆಕ್ಕಕ್ಕ ಸಾಲಂಗಿಲ್ಲ. ಪಕ್ಕಾ ಬೇಕಂದ್ರ ತೂಕದ ಕಾಟಾಕ್ಕ ಹೋಗಿ ಹಿಂದಿನ ಆಕ್ಸೆಲ್ ಅಷ್ಟೇ ಪ್ಲಾಟ್‌ಫಾರ್ಮ್ ಮ್ಯಾಲ ನಿಲ್ಸಿ ತೂಗ್ರಿ. ಎರಡೂ ಟೈರಿಗೆ 75% ತುಂಬಿದ್ರ, ನೀರಿಲ್ಲದ ತೂಕಕ್ಕಿಂತ ಸುಮಾರು 300 ಕೆಜಿ ಹೆಚ್ಚಿರಬೇಕು.

ಸಾಲು ಮಣ್ಣು:
ಎಡಗಾಲಿ ಜಾರೋದಕ್ಕೆ ನೀರೊಂದನ್ನೇ ದೂರಬೇಡಿ. ಒಂದೇ ಕಡೆ ಮಣ್ಣು ಹಾಕೋ ಪಲ್ಟಿಯಲ್ಲಿ ಬಲಗಾಲಿ ಸಾಲಿನೊಳಗೆ ಓಡುತ್ತೆ, ಟ್ರ್ಯಾಕ್ಟರ್ ಬಲಕ್ಕೆ ವಾಲುತ್ತೆ, ಭಾರವೂ ಆ ಕಡೆಗೇ. ಎಡಗಾಲಿ ಸ್ವಲ್ಪ ಹೆಚ್ಚು ಜಾರೋದು ಸಹಜ. ಎಷ್ಟು ಅಂತ ಅಳೆಯಿರಿ: ಟೈರಿಗೆ ಸುಣ್ಣದ ಗುರುತು ಹಾಕಿ, ನೇಗಿಲು ಹೂಡಿದಾಗ ಗಾಲಿ 10 ಸುತ್ತು ಹಾಕುವ ದೂರಕ್ಕೆ ಎರಡು ಗೂಟ ನೆಡಿ. ನೇಗಿಲು ಎತ್ತಿ ಅದೇ ದೂರ ಓಡಿಸಿ ಸುತ್ತು ಎಣಿಸಿ. ಎಂಟೂವರೆ ಬಂದರೆ ಜಾರಿಕೆ 15%. ಹೊಲದಲ್ಲಿ 8ರಿಂದ 15ರೊಳಗೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ಎರೆಹೊಲ:
ನೋಡಿದೆ. ಬಲಗಡೆ 12ರಲ್ಲೇ ನೀರು ಬಂತು. ಎಡಗಡೆ ವಾಲ್ವ್ 4ರ ಹತ್ತಿರ ಬಂದ ಮೇಲೆ. ಎಷ್ಟು ಹಾಕಬೇಕು, ಅಡಾಪ್ಟರ್ (ನೀರು ತುಂಬುವಾಗ ಒಳಗಿನ ಗಾಳಿ ಹೊರಬಿಡೋ ವಾಲ್ವ್ ಜೋಡಣೆ) ಇಲ್ಲದೆ ಆಗುತ್ತಾ?

ವಾಲ್ವ್ ಪಿನ್:
13.6-28ಕ್ಕೆ 75% ಅಂದರೆ ಸುಮಾರು 145-150 ಲೀಟರ್. 40% ಅಂದರೆ ಒಳಗಿರೋದು ಹೆಚ್ಚೂಕಡಿಮೆ 80. ಎಡಕ್ಕೆ 65-70 ಲೀಟರ್ ಬೇಕು.

ಜಾಕ್ ಆಕ್ಸೆಲ್ ಹೌಸಿಂಗ್ ಕೆಳಗೆ ಕೊಟ್ಟು ಗಾಲಿ ನೆಲ ಬಿಡೋವಷ್ಟು ಎತ್ತಿ, ದಪ್ಪ ಮರದ ದಿಮ್ಮಿ ಜೋಡಿಸಿ. ಜಾಕ್ ಒಂದನ್ನೇ ನಂಬಬೇಡಿ. ವಾಲ್ವ್ ಮೇಲೆ ತನ್ನಿ. ಗಾಳಿ ಪೂರ್ತಿ ಹೋದ ಮೇಲೆಯೇ ಪಿನ್ ಬಿಚ್ಚಿ, ಒತ್ತಡ ಇದ್ದಾಗ ಬಿಚ್ಚಿದರೆ ಗುಂಡಿನ ಹಾಗೆ ಹಾರಿ ಕಳೆದುಹೋಗುತ್ತೆ. ಡ್ರಮ್ಮನ್ನು ಹತ್ತಡಿ ಎತ್ತರದಲ್ಲಿಟ್ಟು ಪೈಪನ್ನು ವಾಲ್ವಿಗೆ ಬಿಗಿದರೆ ನೀರು ಇಳಿಯುತ್ತೆ. ಅಡಾಪ್ಟರ್ ಇಲ್ಲದಿದ್ದರೆ ಒಳಗಿನ ಗಾಳಿಗೆ ದಾರಿ ಇಲ್ಲ, ಸ್ವಲ್ಪ ಹೊತ್ತಿಗೆ ಹರಿವು ನಿಲ್ಲುತ್ತೆ. ಆಗ ಪೈಪ್ ತೆಗೆದು ಗಾಳಿ ಬಿಡಿ, ಮತ್ತೆ ಹಾಕಿ. ಬೇಸರದ ಕೆಲಸ, ಅಡಾಪ್ಟರ್ ತಂದುಬಿಡಿ. ಬೋರಿನ ಮೋಟರ್ ಪೈಪನ್ನು ಮಾತ್ರ ನೇರ ಕೊಡಬೇಡಿ, ಟ್ಯೂಬ್ ಹರಿಯುತ್ತೆ.

ವಾಲ್ವ್ ಮೇಲಿರುವಾಗ ನೀರು ಹೊರಗೆ ಬಂದ ತಕ್ಷಣ ನಿಲ್ಲಿಸಿ. ಅದಕ್ಕಿಂತ ಹೆಚ್ಚು ತುಂಬಿದರೆ ಉಳಿದ ಗಾಳಿ ಸಾಲದು. ನೀರು ಕುಗ್ಗಲ್ಲ, ಕಲ್ಲಿನ ಮೇಲೆ ಹತ್ತಿದ ಏಟೆಲ್ಲ ಟೈರಿನ ನೂಲಿಗೆ ಬೀಳುತ್ತೆ. ಪಿನ್ ಹಾಕಿ 14ಕ್ಕೆ ಗಾಳಿ ಹೊಡೆಯಿರಿ. ಗಾಳಿಯ ಜಾಗ ಕಾಲು ಭಾಗವೇ ಆದ್ದರಿಂದ ಸಣ್ಣ ಸೋರಿಕೆಗೂ ಗೇಜ್ ಬೇಗ ಇಳಿಯುತ್ತೆ. ಮೂರು ದಿನ ಬಿಟ್ಟು, ಬೆಳಗ್ಗೆ ಟೈರ್ ತಣ್ಣಗಿದ್ದಾಗ ಮತ್ತೊಮ್ಮೆ ನೋಡಿ.

ಗದ್ದೆ ಬದು:
ಇದೇ ಗಾಡಿಯನ್ನು ಭತ್ತದ ಕೆಸರಿಗೂ ಇಳಿಸೋದಾದರೆ ಆ ಹಂಗಾಮಿಗೆ ನೀರು ತೆಗೆಯಿರಿ. ಅಲ್ಲಿ ಭಾರ ಹೂತುಹಾಕುತ್ತೆ, ಕೇಜ್ ವೀಲ್ (ಕೆಸರಿಗೆ ಹಾಕೋ ಕಬ್ಬಿಣದ ಪಟ್ಟಿ ಗಾಲಿ) ಸಾಕು. ತೆಗೆಯುವಾಗ ವಾಲ್ವ್ ಪೂರ್ತಿ ಕೆಳಗೆ ತಂದು ಪಿನ್ ಒತ್ತಿ ಹಿಡಿಯಿರಿ, ಒಳಗಿನ ಗಾಳಿಯೇ ನೀರು ತಳ್ಳುತ್ತೆ. ಒತ್ತಡ ಇಳಿದ ಮೇಲೆ ಪಿನ್ ಬಿಚ್ಚಿ. ತಳದಲ್ಲಿ ಒಂದಷ್ಟು ಉಳಿದೇ ಉಳಿಯುತ್ತೆ.